ಬಸುರಿಯ ಪಥ್ಯ ಮನೆಮಂದಿಗೆಲ್ಲ ಬೇಕೆ?

ಮನೆಯಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದಳೆಂದರೆ ಅಡುಗೆಮನೆಗೆ ಎರಡು ಪಟ್ಟಿಗಳು ಬರುತ್ತವೆ. ಒಂದು, ಅತ್ತೆ, ಅಜ್ಜಿ, ಪಕ್ಕದ ಮನೆಯವರು ಸೇರಿ ಹೇಳುವುದು: ಪರಂಗಿ ಹಣ್ಣು ಮುಟ್ಟಬೇಡ, ಎಳ್ಳು ಉಷ್ಣ, ಅನಾನಸು ಬೇಡ, ಹುರುಳಿ ಸಾರು ಬೇಡವೇ ಬೇಡ. ಇನ್ನೊಂದು, ಡಾಕ್ಟರು ಹೇಳುವುದು, ಮೊಬೈಲಿನಲ್ಲೂ ಸಿಗುವುದು: ಕಾಯಿಸದ ಹಾಲು ಬೇಡ, ಅರೆಬೆಂದ ಮೊಟ್ಟೆ ಬೇಡ, ಹಸಿ ಮೊಳಕೆ ಕಾಳು ಬೇಡ, ದೊಡ್ಡ ಮೀನು ಬೇಡ, ಕಾಫಿಗೆ ಮಿತಿ ಇರಲಿ, ಮದ್ಯ ಕೂಡದು. ಎರಡನ್ನೂ ಕೇಳಿಸಿಕೊಂಡ ಗಂಡನಿಗೋ ಮೈದುನನಿಗೋ ಒಂದು ಅನುಮಾನ ಬರುವುದು ಸಹಜ. ಅವಳಿಗೆ ಕೆಟ್ಟದ್ದೆನ್ನುವ ಪದಾರ್ಥ ನಮ್ಮ ಹೊಟ್ಟೆಗೆ ಹೋದರೆ ಒಳ್ಳೆಯದಾಗಿಬಿಡುತ್ತದೆಯೆ?

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. "ಅದೆಲ್ಲ ಬಸುರಿಯರಿಗೆ, ನಮಗೇನಾಗುತ್ತೆ" ಎಂಬುದು ಒಂದು. "ಅವಳಿಗೆ ಆಗದ್ದು ಯಾರಿಗೂ ಆಗದು, ಎಲ್ಲರೂ ಬಿಟ್ಟುಬಿಡೋಣ" ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ಪಟ್ಟಿಯನ್ನು ಬಿಡಿಬಿಡಿಯಾಗಿ ನೋಡಿದರೆ ಅದರಲ್ಲಿ ನಾಲ್ಕು ಬಗೆಯ ಸಲಹೆಗಳು ಕಲಸಿಕೊಂಡಿರುವುದು ಕಾಣುತ್ತದೆ. ಕೆಲವನ್ನು ಎಲ್ಲರೂ ಪಾಲಿಸಬೇಕು. ಕೆಲವು ಬಸುರಿಗೂ, ಅವಳ ಹಾಗೆಯೇ ಸೋಂಕಿಗೆ ಬೇಗ ಈಡಾಗುವ ಇನ್ನು ಕೆಲವರಿಗೂ ಬೇಕು. ಕೆಲವು ಬಸುರಿನ ಅವಧಿಗೆ ಮಾತ್ರ ಬೇಕು. ಮತ್ತೆ ಕೆಲವು ಬಸುರಿಗೂ ಬೇಡ.

ಯಾವ ಪಥ್ಯಕ್ಕಾದರೂ ಹಿಂದೆ ಒಂದು ಲೆಕ್ಕಾಚಾರ ಇರುತ್ತದೆ. ಅಪಾಯ ಆಗುವ ಸಂಭವ ಎಷ್ಟು, ಆದರೆ ನಷ್ಟ ಎಷ್ಟು ದೊಡ್ಡದು, ಆ ಪದಾರ್ಥ ಬಿಟ್ಟರೆ ಕಳೆದುಕೊಳ್ಳುವುದೇನು ಎಂಬ ಮೂರು ಪ್ರಶ್ನೆಗಳ ಲೆಕ್ಕ ಅದು. ಬಸುರಿಯ ವಿಷಯದಲ್ಲಿ ಸಂಭವ ಕಡಿಮೆಯಿದ್ದರೂ ನಷ್ಟ ಮಗುವಿನ ಜೀವದ್ದು. ಬಿಡಬೇಕಾದ್ದೂ ಒಂಬತ್ತು ತಿಂಗಳ ಮಟ್ಟಿಗೆ. ಹಾಗಾಗಿ ಡಾಕ್ಟರು ಕೈ ಬಿಗಿ ಹಿಡಿದೇ ಸಲಹೆ ಕೊಡುತ್ತಾರೆ. ಮೂವತ್ತು ವರ್ಷದ ಗಟ್ಟಿಮುಟ್ಟಾದ ಗಂಡಸಿಗೆ ಇದೇ ಲೆಕ್ಕ ಹಾಕಿದರೆ ಉತ್ತರ ಬೇರೆ ಬರುತ್ತದೆ. ಅವನ ಅಪ್ಪನಿಗೆ ಹಾಕಿದರೆ ಮತ್ತೂ ಬೇರೆ.

ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ಪಾಶ್ಚಾತ್ಯ ದೇಶಗಳಲ್ಲಿ ಬಸುರಿಗೆ ಮೆತ್ತನೆ ಚೀಸ್ ಬೇಡ, ಅಂಗಡಿಯ ತಣ್ಣನೆ ಮಾಂಸದ ಹೋಳು ಬೇಡ ಎನ್ನುವುದೆಲ್ಲ ಹೆಚ್ಚಾಗಿ ಇದರ ಭಯದಿಂದ. ಇದರದೊಂದು ವಿಚಿತ್ರ ಗುಣವಿದೆ. ಉಳಿದ ಬಹಳಷ್ಟು ರೋಗಾಣುಗಳು ಫ್ರಿಡ್ಜಿನ ತಂಪಿಗೆ ಸುಮ್ಮನಾಗುತ್ತವೆ. ಇದು 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಚೆನ್ನಾಗಿ ಕಾಯಿಸಿದರೆ ಸಾಯುತ್ತದೆ. ಬಸುರಿನಲ್ಲಿ ಮಗುವನ್ನು ಹೊರಗಿನದೆಂದು ಮೈ ತಳ್ಳಿಹಾಕದಿರಲಿ ಎಂದು ರೋಗನಿರೋಧಕ ವ್ಯವಸ್ಥೆ ತನ್ನ ವರಸೆ ಬದಲಿಸಿಕೊಂಡಿರುತ್ತದೆ. ಆ ಸಂದಿಯಲ್ಲಿ ಲಿಸ್ಟೀರಿಯಾ ರಕ್ತಕ್ಕೆ ನುಗ್ಗಿ, ಮಾಸನ್ನು ದಾಟಿ ಮಗುವನ್ನು ಮುಟ್ಟಬಲ್ಲದು. ತಾಯಿಗೆ ಬರುವುದು ಸಣ್ಣ ಜ್ವರ, ಮೈಕೈ ನೋವು. ಮಗುವಿಗೆ ಆಗುವುದು ಗರ್ಭಪಾತ, ಇಲ್ಲವೇ ಹುಟ್ಟಿದ ಕೂಡಲೇ ಕಾಡುವ ಸೋಂಕು. ಸಾಮಾನ್ಯರಿಗಿಂತ ಬಸುರಿಯರಿಗೆ ಇದು ತಗಲುವ ಸಂಭವ ಸುಮಾರು ಹತ್ತು ಪಟ್ಟು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ.

ಹಾಗಾದರೆ ಉಳಿದವರು ನಿಶ್ಚಿಂತೆಯಿಂದ ಇರಬಹುದೆ? 2011ರಲ್ಲಿ ಅಮೆರಿಕದಲ್ಲಿ ಕರಬೂಜ ಹಣ್ಣಿನ ಮೂಲಕ ಇದೇ ರೋಗ ಹರಡಿತು. ಕೊಲರಾಡೊದ ಒಂದೇ ತೋಟದ ಹಣ್ಣು. 147 ಮಂದಿಗೆ ಕಾಯಿಲೆಯಾಗಿ 33 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು 60 ದಾಟಿದವರು. ದಕ್ಷಿಣ ಆಫ್ರಿಕಾದಲ್ಲಿ 2017-18ರಲ್ಲಿ ಪೊಲೊನಿ ಎಂಬ ಸಿದ್ಧ ಮಾಂಸದ ತಿನಿಸಿನಿಂದ ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿ, ಇನ್ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಲ್ಲಿ ಹಸುಗೂಸುಗಳ ಪಾಲು ದೊಡ್ಡದಿತ್ತು. ಗಟ್ಟಿಮುಟ್ಟಾದ ತರುಣನ ಹೊಟ್ಟೆಯಲ್ಲಿ ಇದೇ ಬ್ಯಾಕ್ಟೀರಿಯಾ ಒಂದು ದಿನದ ಭೇದಿ ಮಾಡಿಸಿ ಹೋಗಿಬಿಡಬಹುದು. 65 ದಾಟಿದವರು, ಕಿಡ್ನಿ ಬದಲಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು ಇವರೆಲ್ಲ ಈ ವಿಷಯದಲ್ಲಿ ಬಸುರಿಯ ಸಾಲಿನಲ್ಲೇ ನಿಲ್ಲುವವರು.

ನಮ್ಮ ಮನೆಗಳಲ್ಲಿ ಎಡವಟ್ಟು ಆಗುವುದು ಇಲ್ಲೇ. ಸೊಸೆಗೆ ಬಿಸಿ ಅನ್ನ, ಆಗಷ್ಟೇ ಮಾಡಿದ ಸಾರು. ಮೊನ್ನೆಯ ಸಾರನ್ನು ಚೆಲ್ಲಲು ಮನಸ್ಸು ಬಾರದೆ, ಫ್ರಿಡ್ಜಿನಿಂದ ತೆಗೆದು ಉಗುರುಬೆಚ್ಚಗೆ ಮಾಡಿಕೊಂಡು ಊಟ ಮುಗಿಸುವವರು ಎಪ್ಪತ್ತರ ಅತ್ತೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರೂ ಅವರೇ. ಪಥ್ಯದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಫ್ರಿಡ್ಜಿನಲ್ಲಿಟ್ಟ ಸಾರು, ಪಲ್ಯವನ್ನು ಎರಡು ದಿನದೊಳಗೆ ಮುಗಿಸುವುದು, ತಿನ್ನುವ ಮೊದಲು ಹಬೆಯಾಡುವಷ್ಟು ಕುದಿಸುವುದು ಬಸುರಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದಂತೆ ಅವರಿಗೂ ಬೇಕು. ಗಾಡಿಯಲ್ಲಿ ಬೆಳಿಗ್ಗೆಯೇ ಹೆಚ್ಚಿಟ್ಟ ಕರಬೂಜ, ಕಲ್ಲಂಗಡಿ ಹೋಳುಗಳ ಮಾತೂ ಇಷ್ಟೇ. ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕು ತಿರುಳಿಗೆ ಒಯ್ಯುತ್ತದೆ. ಇಡೀ ಹಣ್ಣು ತಂದು, ತೊಳೆದು, ಹೆಚ್ಚಿದ ಕೂಡಲೇ ತಿಂದರೆ ಭಯವಿಲ್ಲ.

ಚೀಸು, ಮಾಂಸದ ಹೋಳಿಗಿಂತ ನಮ್ಮ ದೇಶದ ಬಸುರಿಯರಿಗೆ ದೊಡ್ಡ ಶತ್ರು ನೀರು. ಹೆಪಟೈಟಿಸ್ ಇ ಎಂಬ ಕಾಮಾಲೆ ಮಲ ಬೆರೆತ ನೀರಿನಿಂದ ಹರಡುತ್ತದೆ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಅಂಥದೇ ಪಿಡುಗು ಎದ್ದಿತು. ಇದಕ್ಕೆ ಕಾರಣವಾದ ವೈರಸ್ ಬೇರೆಯದೇ ಎಂದು ಗೊತ್ತಾದದ್ದು ಅನಂತರ. ಈ ಕಾಮಾಲೆ ಬಂದ ಸಾಮಾನ್ಯರಲ್ಲಿ ಬಹುತೇಕರು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ 20ರಿಂದ 25 ತಾಯಂದಿರವರೆಗೆ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಯಿಸಿ ಆರಿಸಿದ ನೀರು, ರಸ್ತೆಬದಿಯ ಪಾನಿಪುರಿಯ ಪಾನಿ ಬೇಡ, ಐಸ್ ಹಾಕಿದ ಕಬ್ಬಿನ ಹಾಲು ಬೇಡ ಎಂಬ ಮಾತು ಅವಳಿಗೆ ಜೀವ ಉಳಿಸುವ ಮಾತು. ಉಳಿದವರಿಗೆ ಅದು ಟೈಫಾಯಿಡ್, ವಾಂತಿಭೇದಿ, ಕಾಮಾಲೆಗಳಿಂದ ಕಾಯುವ ಮಾತು. ಶುದ್ಧ ನೀರಿನ ವಿಷಯದಲ್ಲಿ ಬಸುರಿ ಬೇರೆ, ನಾವು ಬೇರೆ ಎನ್ನುವ ಹಾಗೇ ಇಲ್ಲ.

ಹಾಲಿನದೂ ಹಾಗೆಯೇ. ನೊರೆಹಾಲನ್ನು ಹಾಗೇ ಕುಡಿದರೆ ಬಲ ಬರುತ್ತದೆ ಎನ್ನುವವರು ಹಳ್ಳಿಯಲ್ಲೂ ಇದ್ದಾರೆ. ಈಗೀಗ ಪೇಟೆಯಲ್ಲಿ ಇದು ಹೊಸ ಶೋಕಿಯಾಗಿಯೂ ಬಂದಿದೆ. ದನಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಹಸಿ ಹಾಲಿನ ಮೂಲಕ ಮನುಷ್ಯರಿಗೂ ಬರುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಸೊಂಟ ಕೀಲುಗಳ ನೋವು ಅದರ ಲಕ್ಷಣ. ಗಂಡಸು ಹೆಂಗಸು ಎಂಬ ಭೇದ ಅದಕ್ಕಿಲ್ಲ. ದನದ ಹೆರಿಗೆಗೆ ಬರಿಗೈ ಹಾಕುವ ರೈತರಿಗೂ ತಗಲುತ್ತದೆ. ಹಾಲು ಉಕ್ಕಿಸಿಯೇ ಕುಡಿಯುವ ನಮ್ಮ ಹಳೆಯ ರೂಢಿ ಈ ವಿಷಯದಲ್ಲಿ ಪೂರ್ತಿ ಸರಿ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಮಜ್ಜಿಗೆಗೆ ಯಾರೂ ಹೆದರಬೇಕಿಲ್ಲ.

ಮೊಟ್ಟೆಯ ಕಥೆ ಸ್ವಾರಸ್ಯದ್ದು. ಬ್ರಿಟನ್ನಿನಲ್ಲಿ 1988ರ ಡಿಸೆಂಬರಿನಲ್ಲಿ ಎಡ್ವಿನಾ ಕರಿ ಎಂಬ ಕಿರಿಯ ಮಂತ್ರಿ ದೇಶದ ಕೋಳಿಮೊಟ್ಟೆಗಳಲ್ಲಿ ಸಾಲ್ಮೊನೆಲ್ಲಾ ಇದೆ ಎಂಬರ್ಥದ ಮಾತಾಡಿ ಮೊಟ್ಟೆ ವ್ಯಾಪಾರವೇ ಕುಸಿದುಬಿತ್ತು. ಅವರ ಪದವಿಯೂ ಹೋಯಿತು. ಬಳಿಕ ಅಲ್ಲಿ ಕೋಳಿಗಳಿಗೆ ಲಸಿಕೆ ಹಾಕುವುದು ರೂಢಿಗೆ ಬಂತು. 2017ರಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ತನ್ನ ಹಳೆಯ ಸಲಹೆಯನ್ನು ಬದಲಿಸಿ, ಲಸಿಕೆ ಹಾಕಿದ ಕೋಳಿಗಳದೆಂಬ ಗುರುತಾದ ಸಿಂಹದ ಮುದ್ರೆಯಿರುವ ಮೊಟ್ಟೆಯಾದರೆ ಬಸುರಿಯರೂ ಅರೆಬೆಂದದ್ದನ್ನು ತಿನ್ನಬಹುದು ಎಂದಿತು. ನಮ್ಮಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ, ತೆಲಂಗಾಣ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರ ಏಪ್ರಿಲಿನಲ್ಲಿ ನಿಷೇಧಿಸಿದವು. ಆ ನಿಷೇಧ ಬಸುರಿಯರಿಗೆಂದು ಬಂದದ್ದಲ್ಲ, ಎಲ್ಲರಿಗೂ ಬಂದದ್ದು. ಅಲ್ಲಿ ಬಸುರಿಗೂ ಬೇಡವಾದ ಎಚ್ಚರ ಇಲ್ಲಿ ಕಾಲೇಜು ಹುಡುಗರಿಗೂ ಬೇಕು. ಮೊಟ್ಟೆ ಯಾವ ಫಾರಮ್ಮಿನದು, ಎಷ್ಟು ದಿನದ್ದು, ಷವರ್ಮಾ ಅಂಗಡಿಯಲ್ಲಿ ಎಷ್ಟು ಹೊತ್ತು ಬಿಸಿಲಿಗೆ ಕೂತಿತ್ತು ಎಂಬುದು ಗೊತ್ತಿಲ್ಲದ ಕಡೆ, ಹಳದಿ ಗಟ್ಟಿಯಾಗುವಷ್ಟು ಬೇಯಿಸಿದ ಮೊಟ್ಟೆಯೇ ಎಲ್ಲರಿಗೂ ಕ್ಷೇಮ.

ಇನ್ನು ಮೊಳಕೆ ಕಾಳು. ಆರೋಗ್ಯದ ಮಾತೆತ್ತಿದರೆ ಸಾಕು, ಬೆಳಿಗ್ಗೆ ಒಂದು ಬಟ್ಟಲು ಹಸಿ ಮೊಳಕೆ ಕಾಳು ತಿನ್ನಿ ಎನ್ನುವವರು ಬೇಕಾದಷ್ಟಿದ್ದಾರೆ. ಮೊಳಕೆಯೊಡೆಯಲು ಕಾಳಿಗೆ ಬೇಕಾದದ್ದು ಶಾಖ ಮತ್ತು ತೇವ. ಬ್ಯಾಕ್ಟೀರಿಯಾಗೆ ಬೇಕಾದದ್ದೂ ಅವೇ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಕ್ರೂರ ಬಗೆಯಿಂದ ಸುಮಾರು ನಾಲ್ಕು ಸಾವಿರ ಮಂದಿಗೆ ಕಾಯಿಲೆಯಾಗಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಸೌತೆಕಾಯಿಯ ಮೇಲೆ ತಪ್ಪು ಹೊರಿಸಿದರು. ಕೊನೆಗೆ ಜಾಡು ಹೋಗಿ ಮುಟ್ಟಿದ್ದು ಮೆಂತ್ಯದ ಮೊಳಕೆಗೆ, ಈಜಿಪ್ಟಿನಿಂದ ಬಂದ ಮೆಂತ್ಯಕ್ಕೆ. ಕಿಡ್ನಿ ಕೆಟ್ಟು ಮಲಗಿದವರಲ್ಲಿ ಬಹುಪಾಲು ಚೆನ್ನಾಗಿದ್ದ, ವಯಸ್ಕ ಹೆಂಗಸರು. ಆರೋಗ್ಯಕ್ಕೆ ಒಳ್ಳೆಯದೆಂದು ಸಲಾಡ್ ತಿಂದವರು! ಹಾಗೆಂದು ಮೊಳಕೆ ಕಾಳನ್ನೇ ಬಿಡಬೇಕಿಲ್ಲ. ಉಸಲಿ ಮಾಡಿ, ಸಾರು ಮಾಡಿ. ಹಬೆಯಲ್ಲಿ ಚೆನ್ನಾಗಿ ಬೆಂದು ಬಿಸಿಯೇರಿದರೆ ಅಪಾಯ ಹೋಗುತ್ತದೆ, ಸತ್ವ ಬಹುತೇಕ ಉಳಿಯುತ್ತದೆ. ಬಸುರಿ, ಮಕ್ಕಳು, ವಯಸ್ಸಾದವರು ಹಸಿಯದ್ದನ್ನು ತಿನ್ನಲೇಬಾರದು. ಉಳಿದವರೂ ಬೇಯಿಸಿ ತಿಂದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಬಸುರಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ, ನಮ್ಮ ಅಡುಗೆಮನೆಯಲ್ಲಿ ದಿನನಿತ್ಯ ನಡೆಯುವ ಒಂದು ತಪ್ಪನ್ನೂ ಇಲ್ಲೇ ಹೇಳಬೇಕು. ರಾತ್ರಿ ಮಿಕ್ಕ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ರಾತ್ರಿಯೆಲ್ಲ ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಎಂಥ ಒಗ್ಗರಣೆಗೂ ಬಗ್ಗುವುದಿಲ್ಲ. ಚಿತ್ರಾನ್ನಕ್ಕೆಂದೇ ಅನ್ನ ಉಳಿಸುವುದಾದರೆ ಬೇಗ ಆರಿಸಿ, ತಟ್ಟೆಯಲ್ಲಿ ಹರವಿ, ಫ್ರಿಡ್ಜಿಗೆ ಸೇರಿಸಬೇಕು. ಇದು ಮನೆಯಲ್ಲಿ ಉಣ್ಣುವ ಪ್ರತಿಯೊಬ್ಬರಿಗೂ ಅನ್ವಯಿಸುವ ನಿಯಮ.

ಮೀನಿನ ವಿಷಯಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಇಲ್ಲಿ ಭಯ ರೋಗಾಣುವಿನದಲ್ಲ, ಪಾದರಸದ್ದು. ಸಣ್ಣ ಮೀನನ್ನು ದೊಡ್ಡದು, ಅದನ್ನು ಇನ್ನೂ ದೊಡ್ಡದು ತಿನ್ನುತ್ತಾ ಹೋದಂತೆ ಮೀಥೈಲ್ ಪಾದರಸ ಮೇಲಿನ ಮೀನಿನಲ್ಲಿ ಶೇಖರವಾಗುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಕೊಳಚೆಯಿಂದ ಕೊಲ್ಲಿಯ ಮೀನುಗಳಲ್ಲಿ ಪಾದರಸ ತುಂಬಿತು. 1956ರಲ್ಲಿ ಆ ರೋಗ ಅಧಿಕೃತವಾಗಿ ಪತ್ತೆಯಾಯಿತು. ತಮಗೆ ಅಷ್ಟೇನೂ ತೊಂದರೆ ಕಾಣದ ತಾಯಂದಿರ ಹೊಟ್ಟೆಯಲ್ಲಿ ನರಮಂಡಲ ಹಾಳಾದ ಮಕ್ಕಳು ಹುಟ್ಟಿದ್ದು ಜಗತ್ತನ್ನು ಬೆಚ್ಚಿಬೀಳಿಸಿತು. ಬೆಳೆಯುತ್ತಿರುವ ಮೆದುಳಿಗೆ ಪಾದರಸದ ಹೊಡೆತ ಹೆಚ್ಚು. ಅದಕ್ಕೇ ಬಸುರಿ, ಎದೆಹಾಲುಣಿಸುವ ತಾಯಿ, ಪುಟ್ಟ ಮಕ್ಕಳಿಗೆ ಶಾರ್ಕ್, ಕತ್ತಿಮೀನಿನಂಥವು ಬೇಡ. ಅಂಜಲ್ ಕೂಡ ದೊಡ್ಡ ಬೇಟೆ ಮೀನೇ. ಬಸುರಿಗೆ ಯಾವಾಗಲಾದರೊಮ್ಮೆ ಒಂದು ತುಂಡು ಸಾಕು. ಬಂಗುಡೆ, ಬೂತಾಯಿ ಸಣ್ಣ ಮೀನುಗಳು. ಅವುಗಳಲ್ಲಿ ಪಾದರಸ ಕಡಿಮೆ, ಮಗುವಿನ ಮೆದುಳಿಗೆ ಬೇಕಾದ ಕೊಬ್ಬು ಧಾರಾಳ. ಮೀನು ತಿನ್ನುವ ಮನೆಯಲ್ಲಿ "ಬಸುರಿಗೆ ಮೀನೇ ಬೇಡ" ಎಂದರೆ ಆಗುವುದು ನಷ್ಟವೇ. ಉಳಿದ ದೊಡ್ಡವರು ಅಂಜಲ್ ಫ್ರೈಗೆ ಆಸೆಪಟ್ಟರೆ ಯಾವ ಅಡ್ಡಿಯೂ ಇಲ್ಲ, ದಿನವೂ ಅದೇ ಆಗದಿದ್ದರೆ ಆಯಿತು. ಒಂದು ಮಾತು ಮಾತ್ರ ನೆನಪಿರಲಿ: ದೇಹದಲ್ಲಿ ಸೇರಿದ ಪಾದರಸದ ಅರ್ಧ ಭಾಗ ಹೊರಹೋಗಲು ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಮಗು ಬೇಕೆಂದಿರುವವರು ಮೊದಲೇ ಎಚ್ಚರ ವಹಿಸುವುದು ಮೇಲು.

ಕುರಿ, ಕೋಳಿಯ ಲಿವರ್ ಕೂಡ ಇದೇ ಗುಂಪಿಗೆ ಸೇರಿದ್ದು. ಅದರಲ್ಲಿ ವಿಟಮಿನ್ ಎ ವಿಪರೀತ. ಬಸುರಿನ ಮೊದಲ ತಿಂಗಳುಗಳಲ್ಲಿ ಅತಿಯಾದರೆ ಮಗುವಿನ ಅಂಗರಚನೆಗೆ ಕುತ್ತು ತರಬಲ್ಲದು. ಬ್ರಿಟನ್ನಿನ ಆರೋಗ್ಯ ಸೇವೆ ಬಸುರಿಗೆ ಲಿವರ್ ಬೇಡವೆನ್ನುತ್ತದೆ. ಬೇರೆಯವರಿಗೆ ವಾರಕ್ಕೊಮ್ಮೆ ತಿಂದರೆ ಅದು ಕಬ್ಬಿಣಾಂಶದ ಒಳ್ಳೆಯ ಮೂಲ.

ಕಾಫಿಯಲ್ಲೂ ಇಂಥದೇ ವ್ಯತ್ಯಾಸ. ಸಾಮಾನ್ಯರ ಮೈಯಲ್ಲಿ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ತುಂಬು ಬಸುರಿಯಲ್ಲಿ ಅದು ಹದಿನೈದು ಗಂಟೆಯವರೆಗೂ ಹೋಗಬಹುದು, ಜೊತೆಗೆ ಮಗುವಿಗೂ ದಾಟುತ್ತದೆ. ಹಾಗಾಗಿ ಅವಳಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿ. ಉಳಿದವರಿಗೆ ನಮ್ಮ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಕೊಟ್ಟ ಮಿತಿ 300 ಮಿಲಿಗ್ರಾಂ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ ಎಂಬುದು ಅದೇ ಸಂಸ್ಥೆಯ ಲೆಕ್ಕ. ಬೈಟು ಕಾಫಿಯ ಊರಿನವರಿಗೆ ಇದು ಕಷ್ಟದ ಮಿತಿಯೇನಲ್ಲ. ಅದೇ ಮಾರ್ಗಸೂಚಿಯ ಇನ್ನೊಂದು ಮಾತಿಗೆ ಹೆಚ್ಚು ಗಮನ ಕೊಡಬೇಕು. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಟೀ ಕುಡಿಯಬೇಡಿ, ಅವುಗಳಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ ಎಂಬ ಮಾತು. ಇದನ್ನು ನಾವು ಬಸುರಿಗೆ ಮಾತ್ರ ಹೇಳುತ್ತೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆಯಿದ್ದರೆ, 15ರಿಂದ 49 ವಯಸ್ಸಿನ ಎಲ್ಲ ಹೆಂಗಸರನ್ನು ಸೇರಿಸಿದಾಗ ಅದು ಶೇ 57. ತಿಂಡಿಯ ಜೊತೆಗೇ ಟೀ ಹೀರುವ ಹೈಸ್ಕೂಲು ಹುಡುಗಿಗೂ, ಗಾರ್ಮೆಂಟ್ಸ್ ಕೆಲಸಕ್ಕೆ ಓಡುವ ಹೆಂಗಸಿಗೂ ಈ ಸಲಹೆ ಬಸುರಿಯಷ್ಟೇ ಬೇಕು.

ಮದ್ಯದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಬಸುರಿ ಕುಡಿದರೆ ಮಗುವಿನ ಮುಖ, ಮೆದುಳು, ಬೆಳವಣಿಗೆಗೆ ಆಗುವ ಹಾನಿಗೆ ವೈದ್ಯಲೋಕ 1973ರಲ್ಲೇ ಹೆಸರಿಟ್ಟಿತು. ಉಳಿದವರಿಗೂ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಹೆಂಡತಿ ಬಸುರಿಯೆಂದು ಒಂಬತ್ತು ತಿಂಗಳು ಜೊತೆಗೂಡಿ ಬಿಟ್ಟ ಗಂಡ ಹತ್ತನೇ ತಿಂಗಳು ಮತ್ತೆ ಶುರು ಮಾಡಲು ಆರೋಗ್ಯದ ಕಾರಣವಂತೂ ಸಿಗದು.

ಕೆಲವು ಎಚ್ಚರಗಳು ಬಸುರು ಗೊತ್ತಾದ ಮೇಲೆ ಶುರುವಾದರೆ ತಡವಾದಂತೆ. ಮಗುವಿನ ಮೆದುಳು, ಬೆನ್ನುಹುರಿಗಳಾಗುವ ನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ಯಾಕೋ ತಡವಾಯಿತಲ್ಲ ಎಂದು ಹೆಂಗಸು ಲೆಕ್ಕ ಹಾಕುವಷ್ಟರಲ್ಲಿ ಆ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಮೊದಲೇ ಫೋಲಿಕ್ ಆಮ್ಲ ಕೊಟ್ಟರೆ ಈ ನಾಳದ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗುತ್ತದೆ ಎಂದು 1991ರ ಬ್ರಿಟಿಷ್ ಪ್ರಯೋಗ ತೋರಿಸಿತು. ಆದ್ದರಿಂದ ಫೋಲಿಕ್ ಆಮ್ಲದ ಮಾತ್ರೆ, ಸೊಪ್ಪು, ಕಾಳುಗಳ ಮಾತನ್ನು ಮದುವೆಯಾದ ಹೊಸತರಲ್ಲೇ, ಮಗುವಿನ ಯೋಚನೆ ಬಂದಾಗಲೇ ಎತ್ತಬೇಕು.

ಇನ್ನು ಉಳಿದದ್ದು ಮೊದಲ ಪಟ್ಟಿ, ಮನೆಯ ಹಿರಿಯರದು. ಪರಂಗಿಯ ಭಯಕ್ಕೆ ಅಲ್ಪಸ್ವಲ್ಪ ಆಧಾರವಿದೆ, ಅದೂ ಕಾಯಿಗೆ. 2002ರಲ್ಲಿ ಸಿಂಗಪುರದ ಸಂಶೋಧಕರು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕಾಯಿಯ ಹಾಲು ಗರ್ಭಕೋಶವನ್ನು ಸಂಕುಚಿಸಿತು. ಚೆನ್ನಾಗಿ ಮಾಗಿದ ಹಣ್ಣು ಏನೂ ಮಾಡಲಿಲ್ಲ. ಹಸಿ ಕಾಯಿ, ಅರೆಮಾಗಿದ್ದು ಬೇಡ ಎಂದರೆ ಸಾಕು. ಮಾಗಿದ ಪರಂಗಿ, ಊಟದಲ್ಲಿ ಬರುವಷ್ಟು ಎಳ್ಳು, ನಾಲ್ಕು ಹೋಳು ಅನಾನಸು, ಹುರುಳಿ ಸಾರು ಬಿಡಿಸುವುದರಿಂದ ಬಸುರಿಗೆ ಸಿಗುವ ರಕ್ಷಣೆಯಿಲ್ಲ, ಕಳೆಯುವ ಪೌಷ್ಟಿಕಾಂಶವಿದೆ. ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂದು ಅವಳ ತಟ್ಟೆಗೆ ಕಡಿಮೆ ಬಡಿಸುವುದು ಇದೆಲ್ಲಕ್ಕಿಂತ ದೊಡ್ಡ ಕೇಡು. ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ಕೊಡಲು ಹೊರಟದ್ದು ಅವಳು ಹೆಚ್ಚು ತಿನ್ನಲಿ ಎಂದೇ.

ಮಗು ಹುಟ್ಟಿದ ಮೇಲೆ ಲೆಕ್ಕ ಮತ್ತೆ ತಿರುಗುತ್ತದೆ. ಬಸುರಿ ಜೇನು ತಿನ್ನಬಹುದು, ಬಾಣಂತಿಯೂ ತಿನ್ನಬಹುದು. ಆದರೆ ಹಸುಗೂಸಿನ ನಾಲಿಗೆಗೆ ಜೇನು ನೆಕ್ಕಿಸುವ ಪದ್ಧತಿ ಅಪಾಯದ್ದು. ಜೇನಿನಲ್ಲಿರಬಹುದಾದ ಬಾಟುಲಿಸಂ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು, ಮೈ ಸೋತು ಉಸಿರಾಟಕ್ಕೇ ಕುತ್ತು ತರಬಲ್ಲವು. ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೂಡದು.

ಒಟ್ಟು ತೀರ್ಪು ಇಷ್ಟು. ಕಾಯಿಸಿದ ನೀರು, ಉಕ್ಕಿಸಿದ ಹಾಲು, ಬೆಂದ ಮೊಟ್ಟೆ ಮಾಂಸ, ಬೇಯಿಸಿದ ಮೊಳಕೆ, ಊಟದಿಂದ ದೂರವಿಟ್ಟ ಟೀ, ಹೊರಗಿಡದ ಅನ್ನ ಇವು ಎಲ್ಲರ ಪಥ್ಯ. ಫ್ರಿಡ್ಜಿನ ಹಳೆಯ ಸಾರು, ಹೆಚ್ಚಿಟ್ಟ ಹಣ್ಣಿನ ಬಗೆಗಿನ ಕಟ್ಟುನಿಟ್ಟು ಬಸುರಿಗೂ, 65 ದಾಟಿದವರಿಗೂ, ರೋಗನಿರೋಧಕ ಶಕ್ತಿ ಕುಂದಿದವರಿಗೂ ಸಮಾನ. ಪಾದರಸದ ಮೀನು, ಲಿವರ್, ಕಾಫಿಯ ಬಿಗಿ ಮಿತಿ ಬಸುರಿನ ಅವಧಿಗೆ. ಮಾಗಿದ ಪರಂಗಿಯ ನಿಷೇಧ ಯಾರಿಗೂ ಬೇಡ. ಮುಂದಿನ ಸಲ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಮನೆಗೆ ಬಂದು ಊಟದ ಸಲಹೆ ಹೇಳುವಾಗ ಸೊಸೆಯೊಬ್ಬಳನ್ನೇ ಮುಂದೆ ಕೂರಿಸಬೇಡಿ. ಅತ್ತೆ ಮಾವಂದಿರೂ ಬಂದು ಕೂತು ಕೇಳಲಿ, ತಮಗೆ ಅನ್ವಯಿಸುವುದು ಯಾವುದೆಂದು ಅವರೂ ಕೇಳಿ ತಿಳಿಯಲಿ.